ಊರಿನ ಸುದ್ದಿ ಊರಿನವರಿಗೆ ತಿಳಿಯಬೇಕಾದರೆ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ್ದು. ಚಿಕ್ಕ ನಗರದಲ್ಲಿ ಇದ್ದುಕೊಂಡು ಅಲ್ಲಿನ ಸುದ್ದಿ ತಿಳಿದುಕೊಳ್ಳುವುದು ಹೇಗೆ ಅಂತ. ಪತ್ರಿಕೆಯೊಂದರಲ್ಲಿ ಬಹಳ ವರ್ಷ ಸ್ಥಳೀಯ ಪುಟ ನೋಡಿಕೊಂಡವಳು ನಾನು. ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು. ಅದಕ್ಕೇ ಕೆಲವೇ ಪತ್ರ ಆಯ್ದುಕೊಂಡು ಸ್ವಲ್ಪ ವಿವರವಾಗಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಕೆಲಸದ ಮೇಲೆ ಒಂದು ಚಿಕ್ಕ ನಗರಕ್ಕೆ ಬಂದು ಇಲ್ಲೇ ನೆಲೆಸಿದ್ದೇನೆ. ದೇಶ ವಿದೇಶದ ಸುದ್ದಿ ಬೇಡ ಅಂದ್ರೂ ಫೋನಿಗೆ ಬರುತ್ತೆ. ಆದರೆ ನಮ್ಮ ಮನೆ ಹಿಂದಿನ ಖಾಲಿ ಜಾಗದಲ್ಲಿ ದೊಡ್ಡ ವಾಣಿಜ್ಯ ಕಟ್ಟಡ ಬರುತ್ತಿದೆ ಅನ್ನೋದು ಪಾಯ ತೋಡಿದ ಮೇಲೆ ಗೊತ್ತಾಯ್ತು. ಕಚೇರಿಯಲ್ಲಿ ಕೇಳಿದರೆ, 'ಆಗಲೇ ಪ್ರಕಟಣೆ ಕೊಟ್ಟಿದ್ವಲ್ಲ, ಯಾರೂ ತಕರಾರು ಮಾಡಲಿಲ್ಲ' ಅಂದರು. ಇಂಥದ್ದೆಲ್ಲ ಮುಂಚೆಯೇ ತಿಳಿಯಬೇಕಾದರೆ ಏನು ಮಾಡಬೇಕು?

ಉತ್ತರ: ಅವರು ಪ್ರಕಟಣೆ ಕೊಟ್ಟಿದ್ದು ನಿಜವೇ ಇರಬಹುದು. ಅದು ನಿಮ್ಮ ಕಣ್ಣಿಗೆ ಬೀಳಲಿಲ್ಲ.

ಊರಿನ ಸುದ್ದಿಯಲ್ಲಿ ಎರಡು ಬಗೆ ಇದೆ. ಅಪಘಾತ, ಕಳ್ಳತನ, ಉದ್ಘಾಟನೆ, ಜಗಳ ಇವೆಲ್ಲ ಆಗಿಹೋದ ಸುದ್ದಿ. ಇವು ಹೇಗಾದರೂ ನಿಮ್ಮ ಕಿವಿಗೆ ಬೀಳುತ್ತವೆ. ಮುಂದೆ ಆಗಲಿರುವುದರ ಸುದ್ದಿ ಬೇರೆ. ಯಾವ ರಸ್ತೆ ಅಗಲ ಮಾಡ್ತಾರೆ, ನೀರಿನ ದರ ಯಾವಾಗ ಏರುತ್ತೆ, ಯಾವ ಶಾಲೆ ಮುಚ್ಚುವ ಮಾತು ನಡೀತಿದೆ, ಯಾವ ಜಾಗದ ಬಳಕೆ ಬದಲಾಗ್ತಿದೆ. ಇದನ್ನು ಮಾತ್ರ ನಾವೇ ಹುಡುಕಿಕೊಂಡು ಹೋಗಬೇಕು. ನಮ್ಮ ಮಾತಿಗೆ ಬೆಲೆ ಇರೋದು ತೀರ್ಮಾನ ಆಗುವ ಮುಂಚೆ. ಹಾಗಾಗಿ ಎರಡನೇ ಬಗೆಯ ಸುದ್ದಿ ಎಲ್ಲಿ ಸಿಗುತ್ತೆ ಅನ್ನೋದಷ್ಟನ್ನೇ ನಿಮಗೆ ಹೇಳುತ್ತೇನೆ.

ಮೊದಲನೆಯದು ಪ್ರಕಟಣೆಯೇ. ಒಂದನ್ನು ಎದುರಿಗಿಟ್ಟುಕೊಂಡು ಓದೋಣ. ಅದು ಸಾಮಾನ್ಯವಾಗಿ ಪತ್ರಿಕೆಯ ಒಳಪುಟದ ಕೆಳಮೂಲೆಯಲ್ಲಿರುತ್ತೆ. ಅಕ್ಷರ ಸಣ್ಣದು. 'ಸಾರ್ವಜನಿಕರ ಗಮನಕ್ಕೆ ತರುವುದೇನೆಂದರೆ' ಅಂತ ಶುರು. ಆಮೇಲೆ ಸರ್ವೆ ನಂಬರು, ವಿಸ್ತೀರ್ಣ. ನಂತರ ನಾಲ್ಕು ದಿಕ್ಕಿನ ಚಕ್ಕುಬಂದಿ: ಪೂರ್ವಕ್ಕೆ ಇಂಥವರ ಸ್ವತ್ತು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಚರಂಡಿ, ದಕ್ಷಿಣಕ್ಕೆ ಖಾಲಿ ನಿವೇಶನ. ಅದರ ಕೆಳಗೆ 'ವಸತಿ ಉದ್ದೇಶದಿಂದ ವಾಣಿಜ್ಯ ಉದ್ದೇಶಕ್ಕೆ ಬದಲಾಯಿಸಲು ಕೋರಿ ಅರ್ಜಿ ಬಂದಿದ್ದು' ಎಂಬ ಸಾಲು. ಕೊನೆಯಲ್ಲಿ 'ಆಕ್ಷೇಪಣೆಗಳಿದ್ದಲ್ಲಿ ಇಷ್ಟು ದಿನದೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಯಾವುದೇ ಆಕ್ಷೇಪಣೆ ಇಲ್ಲವೆಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು'.

ಇದನ್ನು ಕೆಳಗಿನಿಂದ ಮೇಲಕ್ಕೆ ಓದಿ. ಮೊದಲು ಕೊನೆಯ ದಿನ ಯಾವುದು ನೋಡಿ. ಆಮೇಲೆ ಯಾವುದರಿಂದ ಯಾವುದಕ್ಕೆ ಬದಲಾವಣೆ ಅನ್ನೋ ಸಾಲು. ಕೊನೆಗೆ ಚಕ್ಕುಬಂದಿ. ಸರ್ವೆ ನಂಬರು ಯಾರಿಗೂ ನೆನಪಿರಲ್ಲ. ಆದರೆ 'ಪಶ್ಚಿಮಕ್ಕೆ' ಇರುವ ರಸ್ತೆಯ ಹೆಸರು ನೋಡಿದ ಕೂಡಲೇ ಇದು ನಮ್ಮ ಮನೆ ಹಿಂದಿನ ಜಾಗ ಅಂತ ಹೊಳೆಯುತ್ತೆ. ನಿಮ್ಮ ಮನೆ ಹಿಂದಿನ ಜಾಗದ ಪ್ರಕಟಣೆಯೂ ಹೆಚ್ಚುಕಡಿಮೆ ಹೀಗೇ ಇದ್ದಿರಬೇಕು.

ಎರಡನೆಯದು ಸಭೆಯ ಅಜೆಂಡಾ. ನಿಮ್ಮ ಊರಿನ ಆಡಳಿತ ನಡೆಸುವ ಕೌನ್ಸಿಲ್ ಸಭೆ ಸೇರುವ ಮುಂಚೆ ವಿಷಯಗಳ ಪಟ್ಟಿ ತಯಾರಾಗುತ್ತೆ. ಅದು ನೋಟಿಸ್ ಬೋರ್ಡಿನಲ್ಲೋ ವೆಬ್‌ಸೈಟಿನಲ್ಲೋ ಸದಸ್ಯರ ಕೈಯಲ್ಲೋ ಇರುತ್ತೆ. ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಿ, ಹೆಚ್ಚಿನವರು ಫೋಟೋ ತೆಗೆದು ಕಳಿಸುತ್ತಾರೆ. ಅದರಲ್ಲಿ ಎರಡು ಕಡೆ ಜಾಸ್ತಿ ಗಮನ ಕೊಡಿ. 'ಘಟನೋತ್ತರ ಮಂಜೂರಾತಿ' ಅಂತಿದ್ದರೆ ಖರ್ಚು ಆಗಲೇ ಆಗಿದೆ, ಈಗ ಒಪ್ಪಿಗೆಯ ಮುದ್ರೆ ಕೇಳ್ತಿದ್ದಾರೆ ಅಂತ. 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು' ಅಂತಿದ್ದರೆ ಪಟ್ಟಿಯಲ್ಲಿ ಇಲ್ಲದ್ದು ಅಲ್ಲಿ ಬರಬಹುದು. ಸಭೆ ಮುಗಿದ ಮೇಲೆ ನಡಾವಳಿ, ಅಂದರೆ ಸಭೆಯಲ್ಲಿ ಏನೇನಾಯಿತು ಅನ್ನೋ ದಾಖಲೆ, ಬರುತ್ತೆ. ಅಜೆಂಡಾ ಮತ್ತು ನಡಾವಳಿ ಪಕ್ಕಪಕ್ಕ ಇಟ್ಟು ನೋಡಿ. ಅಲ್ಲಿದ್ದು ಇಲ್ಲಿಲ್ಲದ್ದು, ಇಲ್ಲಿದ್ದು ಅಲ್ಲಿಲ್ಲದ್ದು, ಎರಡೂ ಸುದ್ದಿಯೇ.

ಕಾಗದ ಕೊಡಲ್ಲ ಅಂದರೆ? ಸರ್ಕಾರಿ ಕಾಗದ ನೋಡುವ ಹಕ್ಕು ಹೊಸದೇನಲ್ಲ. ಸ್ವೀಡನ್ ದೇಶ 1766ರಲ್ಲೇ ಅದನ್ನು ಕಾನೂನು ಮಾಡಿತು. ಭಾರತದಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ಅರ್ಜಿ ಹಾಕಿದ 30 ದಿನದೊಳಗೆ ಉತ್ತರ ಕೊಡಬೇಕು. ಅದೇ ಕಾಯ್ದೆಯ 4ನೇ ಸೆಕ್ಷನ್, ಯಾರೂ ಕೇಳದಿದ್ದರೂ ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕಾದ ವಿವರಗಳನ್ನು ಹೇಳುತ್ತೆ. ಅರ್ಜಿ ಬರೆಯುವ ಮುಂಚೆ ಆ ಸೆಕ್ಷನ್ ಹೆಸರು ಹೇಳಿ ಬಾಯಿಮಾತಲ್ಲೇ ಕೇಳಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಕೆಲಸ ಆಗುತ್ತೆ.

ಇಷ್ಟೆಲ್ಲ ಯಾಕೆ ಬೇಕು ಅನ್ನಿಸಿದರೆ ಬೆಲ್ ನಗರದ ಕಥೆ ಕೇಳಿ. ಅಮೆರಿಕದ ಲಾಸ್ ಏಂಜಲೀಸ್ ಪಕ್ಕದ ಚಿಕ್ಕ ನಗರ ಅದು. ಜನಸಂಖ್ಯೆ ಸುಮಾರು 35 ಸಾವಿರ. ಹೆಚ್ಚಿನವರು ಕಡಿಮೆ ಆದಾಯದವರು. 2010ರ ಜುಲೈನಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ಇಬ್ಬರು ವರದಿಗಾರರು ಅಲ್ಲಿನ ಸಂಬಳದ ಕಾಗದ ಹೊರತೆಗೆದರು. ನಗರದ ಆಡಳಿತಾಧಿಕಾರಿ ರಾಬರ್ಟ್ ರಿಝೋ ಪಡೆಯುತ್ತಿದ್ದ ಸಂಬಳ ವರ್ಷಕ್ಕೆ ಸುಮಾರು 7 ಲಕ್ಷ 88 ಸಾವಿರ ಡಾಲರ್. ಅಮೆರಿಕದ ಅಧ್ಯಕ್ಷರಿಗೇ ಆಗ 4 ಲಕ್ಷ ಡಾಲರ್. ಅರೆಕಾಲಿಕ ಕೌನ್ಸಿಲ್ ಸದಸ್ಯರಲ್ಲಿ ನಾಲ್ವರು ತಲಾ ಒಂದು ಲಕ್ಷದ ಹತ್ತಿರ ಪಡೆಯುತ್ತಿದ್ದರು. ಸಂಬಳಕ್ಕೆ ಮಿತಿ ಹಾಕುವ ರಾಜ್ಯದ ನಿಯಮದಿಂದ ನಗರ ಹೊರಗೆ ಬಂದದ್ದು 2005ರ ಒಂದು ವಿಶೇಷ ಮತದಾನದಿಂದ. ಅವತ್ತು ಮತ ಹಾಕಿದವರು 400 ಜನಕ್ಕಿಂತ ಕಡಿಮೆ. ರಿಝೋಗೆ ಆಮೇಲೆ 12 ವರ್ಷ ಜೈಲಾಯಿತು, ಪತ್ರಿಕೆಗೆ ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್ 2011ರಲ್ಲಿ ಬಂತು. ನನ್ನನ್ನು ಕಾಡೋದು 2005ರಿಂದ 2010ರವರೆಗಿನ ಐದು ವರ್ಷ. ಅಷ್ಟೂ ಕಾಲ ಸಭೆಗಳು ನಡೆಯುತ್ತಲೇ ಇದ್ದವು. ಅಲ್ಲಿ ಖಾಯಂ ಆಗಿ ಕೂತು ಬರೆದುಕೊಳ್ಳುವ ಒಬ್ಬ ವರದಿಗಾರ ಇರಲಿಲ್ಲ.

ನೀವೊಬ್ಬರೇ ಎಲ್ಲವನ್ನೂ ನೋಡಲು ಆಗಲ್ಲ, ನೋಡಬೇಕಾಗಿಯೂ ಇಲ್ಲ. ನೀರು, ಶಾಲೆ, ಕಸ, ರಸ್ತೆ, ಇವುಗಳಲ್ಲಿ ನಿಮಗೆ ಹತ್ತಿರವಾದ ಒಂದನ್ನು ಹಿಡಿಯಿರಿ. ಅದರ ತೀರ್ಮಾನ ಯಾವ ಸಮಿತಿಯಲ್ಲಿ ಆಗುತ್ತೆ, ಆ ಸಮಿತಿ ಯಾವಾಗ ಸೇರುತ್ತೆ, ಕಾಗದ ಯಾರ ಮೇಜಿನಲ್ಲಿರುತ್ತೆ ಅನ್ನೋದನ್ನು ತಿಳಿದುಕೊಳ್ಳಿ. ಪಕ್ಕದ ಮನೆಯವರು ಇನ್ನೊಂದನ್ನು ಹಿಡಿಯಲಿ.

ಪ್ರಶ್ನೆ: ನಮ್ಮೂರಿನ ವಾಟ್ಸಾಪ್ ಗ್ರೂಪಿನಲ್ಲಿ ಪತ್ರಿಕೆಗಿಂತ ಬೇಗ ಸುದ್ದಿ ಸಿಗುತ್ತೆ, ಫೋಟೋ ಸಮೇತ. ಪತ್ರಿಕೆ ತರಿಸೋದು ಯಾಕೆ ಅಂತ ಮಕ್ಕಳು ಕೇಳ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ಬೇಗ ಸಿಗುತ್ತೆ ಅನ್ನೋದು ನಿಜ. ಎಲ್ಲಿ ಮರ ಬಿದ್ದಿದೆ, ಎಲ್ಲಿ ಕರೆಂಟು ಹೋಗಿದೆ, ಯಾರಿಗೆ ರಕ್ತ ಬೇಕು ಅನ್ನೋದಕ್ಕೆ ಗ್ರೂಪಿನಷ್ಟು ಒಳ್ಳೆಯದು ಬೇರೆ ಇಲ್ಲ. ಅದನ್ನು ಬಿಡಬೇಡಿ.

ಆದರೆ ಗ್ರೂಪಿಗೆ ಬಂದ ಸುದ್ದಿ ತಪ್ಪಾಗಿದ್ದರೆ ಜವಾಬ್ದಾರಿ ಯಾರದ್ದು? 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಒಂದು ವಿಡಿಯೋ ನಮ್ಮ ದೇಶದಲ್ಲೆಲ್ಲ ಓಡಾಡಿತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಅರಿವು ಮೂಡಿಸಲು ತೆಗೆದ ಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಬರಹ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗ ಕತ್ತರಿಸಿ ಬಿಟ್ಟಿದ್ದರು. ಆ ವರ್ಷ ಇಂಥ ವದಂತಿಗಳಿಂದ ಎಷ್ಟೋ ಕಡೆ ಅಮಾಯಕರ ಜೀವ ಹೋಯಿತು. ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರು, ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬರು. ಎರಡೂ ನಡೆದದ್ದು 2018ರ ಜುಲೈನಲ್ಲಿ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವಂತೆ ಮಿತಿ ಹಾಕುವುದಾಗಿ ಹೇಳಿತು. ಇದನ್ನು ನೆನೆದರೆ ಈಗಲೂ ನನಗೆ ಸಂಕಟ ಆಗುತ್ತೆ. ಕಳಿಸಿದವರಲ್ಲಿ ಬಹಳಷ್ಟು ಜನ ಅಕ್ಕಪಕ್ಕದವರಿಗೆ ಎಚ್ಚರಿಕೆ ಕೊಡ್ತಿದ್ದೀವಿ ಅಂತಲೇ ನಂಬಿದ್ದರು.

ಮಕ್ಕಳಿಗೆ ಒಂದು ಅಭ್ಯಾಸ ಕಲಿಸಿ. 'ನಮ್ಮೂರಲ್ಲೇ ಈಗ ತಾನೇ' ಅಂತ ಬಂದ ಪ್ರತಿಯೊಂದಕ್ಕೂ ಮೂರು ಪ್ರಶ್ನೆ: ಯಾವ ರಸ್ತೆ? ಯಾವ ದಿನ? ಕಣ್ಣಾರೆ ಕಂಡವರು ಯಾರು? ಮೂರರಲ್ಲಿ ಒಂದಕ್ಕೂ ಉತ್ತರ ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ಫೋಟೋ ಆದರೆ ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ. ಹಳೆಯದು, ಬೇರೆ ಊರಿನದು ಆಗಿದ್ದರೆ ಬಹಳ ಸಲ ಅಲ್ಲೇ ಗೊತ್ತಾಗುತ್ತೆ. ಹಿನ್ನೆಲೆಯ ಅಂಗಡಿ ಬೋರ್ಡಿನ ಭಾಷೆ, ವಾಹನದ ನಂಬರ್ ಪ್ಲೇಟು, ಜನ ಮಳೆಗಾಲದ ಬಟ್ಟೆಯಲ್ಲಿದ್ದಾರಾ ಬೇಸಿಗೆಯದರಲ್ಲಾ, ಇಷ್ಟು ನೋಡಿದರೂ ಸಾಕಷ್ಟು ತಿಳಿಯುತ್ತೆ.

ಪತ್ರಿಕೆ ಯಾಕೆ ಅನ್ನೋದಕ್ಕೆ ಉತ್ತರ ಇಷ್ಟೇ: ಅದರ ಮೇಲೆ ಸಂಪಾದಕರ ಹೆಸರು, ವಿಳಾಸ ಇರುತ್ತೆ. ತಪ್ಪು ಬಂದರೆ ಹೋಗಿ ಕೇಳಬಹುದು. ಗ್ರೂಪಿನಲ್ಲಿ 'ಫಾರ್ವರ್ಡ್ ಆಗಿ ಬಂದಿದ್ದು' ಅಂದುಬಿಟ್ಟರೆ ಮುಂದೆ ಕೇಳಲು ಯಾರೂ ಇರಲ್ಲ.

ಪ್ರಶ್ನೆ: ನಮ್ಮಲ್ಲಿ ಇರೋದು ಒಂದೇ ಸ್ಥಳೀಯ ಪತ್ರಿಕೆ. ಅದರ ತುಂಬ ಮುಖಂಡರಿಗೆ ಶುಭಾಶಯದ ಜಾಹೀರಾತು, ಅವರದ್ದೇ ಹೊಗಳಿಕೆ. ಅದಕ್ಕೆ ಚಂದಾ ಕೊಡೋದು ತಪ್ಪಲ್ವಾ?

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. ಆದರೂ ಚಂದಾ ನಿಲ್ಲಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ. ಓದುಗರ ದುಡ್ಡು ಕಡಿಮೆಯಾದಷ್ಟೂ ಪತ್ರಿಕೆ ಜಾಹೀರಾತಿಗೆ ಜೋತು ಬೀಳುತ್ತೆ. ಚಿಕ್ಕ ಊರಿನಲ್ಲಿ ಜಾಹೀರಾತು ಕೊಡುವವರು ಕೆಲವೇ ಮಂದಿ, ಪತ್ರಿಕೆ ಪ್ರಶ್ನೆ ಕೇಳಬೇಕಾದವರೂ ಹೆಚ್ಚಾಗಿ ಅವರೇ.

ಚಂದಾ ಜೊತೆಗೆ ಸಂಪಾದಕರಿಗೆ ಪತ್ರವನ್ನೂ ಬರೆಯಿರಿ. 'ನಿಮ್ಮ ಪತ್ರಿಕೆ ಸರಿ ಇಲ್ಲ' ಅಂದರೆ ಅವರು ಪಕ್ಕಕ್ಕಿಡುತ್ತಾರೆ. 'ಕಳೆದ ಸಭೆಯಲ್ಲಿ ನೀರಿನ ದರದ ವಿಷಯ ಇತ್ತು, ಏನಾಯಿತು ಅಂತ ಬರೆಯಿರಿ' ಅಂದರೆ ಕೆಲಸ ಮಾಡಲು ಒಂದು ಎಳೆ ಸಿಗುತ್ತೆ. ಸ್ಥಳೀಯ ಪುಟ ನೋಡುತ್ತಿದ್ದಾಗ ನನಗೆ ತುಂಬಾ ಉಪಯೋಗಕ್ಕೆ ಬರುತ್ತಿದ್ದದ್ದು ಇಂಥ ಪತ್ರಗಳೇ. ಮೇಜಿನ ಮೇಲೆ ಅಂಥದ್ದೊಂದು ಇದ್ದರೆ ವರದಿಗಾರರನ್ನು ಕಳಿಸಲು ನನಗೂ ಕಾರಣ ಸಿಗುತ್ತಿತ್ತು.

ಪತ್ರಿಕೆ ಪೂರ್ತಿ ಮುಚ್ಚಿಹೋದರೆ ಏನಾಗುತ್ತೆ ಅನ್ನೋದನ್ನೂ ಯೋಚಿಸಿ. ಅಮೆರಿಕದ ಒಹಾಯೋ ರಾಜ್ಯದ ಯಂಗ್ಸ್‌ಟೌನ್ ನಗರದಲ್ಲಿ ದಿ ವಿಂಡಿಕೇಟರ್ ಅನ್ನೋ ದಿನಪತ್ರಿಕೆ 150 ವರ್ಷ ನಡೆದು 2019ರ ಆಗಸ್ಟ್ ಕೊನೆಗೆ ನಿಂತಿತು. ಪಕ್ಕದ ಊರಿನ ಪತ್ರಿಕೆ ಆ ಹೆಸರು ಕೊಂಡು ಆವೃತ್ತಿ ತರುತ್ತಿದೆ, ಆದರೆ ಮೊದಲಿದ್ದ ಸುದ್ದಿಮನೆ ಚದುರಿಹೋಯಿತು. ಅಮೆರಿಕದ ಹಣಕಾಸು ಸಂಶೋಧಕರು 1996ರಿಂದ 2015ರವರೆಗಿನ ಲೆಕ್ಕ ತೆಗೆದು ನೋಡಿದ್ದಾರೆ. ಪತ್ರಿಕೆ ಮುಚ್ಚಿದ ಕಡೆ ಸ್ಥಳೀಯ ಆಡಳಿತ ಎತ್ತುವ ಸಾಲದ ಬಡ್ಡಿ 0.05ರಿಂದ 0.11 ಪರ್ಸೆಂಟ್ ಪಾಯಿಂಟಿನಷ್ಟು ಏರಿತ್ತು. ಕೇಳೋಕೆ ಚಿಕ್ಕದು. ಕೋಟಿಗಟ್ಟಲೆ ಸಾಲಕ್ಕೆ, ಹತ್ತಾರು ವರ್ಷಕ್ಕೆ ಲೆಕ್ಕ ಹಾಕಿ. ನೋಡುವವರಿಲ್ಲದ ಕಡೆ ಸಾಲ ಕೊಡುವವರಿಗೂ ನಂಬಿಕೆ ಕಡಿಮೆ. ಆ ಬಡ್ಡಿ ಕಟ್ಟೋದು ತೆರಿಗೆ ಕೊಡುವ ನಿಮ್ಮಂಥವರು.

ಚಿಕ್ಕ ಪತ್ರಿಕೆ ಗಟ್ಟಿಯಾಗಿ ನಿಲ್ಲೋಕೆ ಆಗಲ್ಲ ಅಂತಲೂ ಅಂದುಕೊಳ್ಳಬೇಡಿ. ಅಮೆರಿಕದ ಅಯೋವಾ ರಾಜ್ಯದ ಸ್ಟಾರ್ಮ್ ಲೇಕ್ ಅನ್ನೋ ನಗರದಲ್ಲಿ ಸುಮಾರು 11 ಸಾವಿರ ಜನ ಇದ್ದಾರೆ. ಅಲ್ಲಿನ ಸ್ಟಾರ್ಮ್ ಲೇಕ್ ಟೈಮ್ಸ್ ಒಂದೇ ಕುಟುಂಬ ನಡೆಸುತ್ತಿದ್ದ, ವಾರಕ್ಕೆ ಎರಡು ಸಲ ಬರುತ್ತಿದ್ದ ಪತ್ರಿಕೆ. ಹೊಲಗಳಿಂದ ನದಿಗೆ ಸೇರುವ ನೈಟ್ರೇಟ್ ಅನ್ನೋ ಗೊಬ್ಬರದ ಅಂಶದ ಬಗ್ಗೆ ಜಿಲ್ಲಾಡಳಿತಗಳ ಮೇಲೆ ಮೊಕದ್ದಮೆ ನಡೆಯುತ್ತಿತ್ತು. ಆ ಜಿಲ್ಲಾಡಳಿತಗಳ ವಕೀಲರ ಖರ್ಚು ಯಾರು ಕೊಡ್ತಿದ್ದಾರೆ ಅಂತ ಈ ಪತ್ರಿಕೆ ಬಿಡದೆ ಕೇಳಿತು. ದುಡ್ಡು ಕೃಷಿ ವ್ಯವಹಾರದ ದೊಡ್ಡ ಕುಳಗಳಿಂದ ಬರುತ್ತಿತ್ತು ಅನ್ನೋದು ಹೊರಬಿತ್ತು. ಈ ಬಗ್ಗೆ ಬರೆದ ಸಂಪಾದಕೀಯಗಳಿಗೆ ಪತ್ರಿಕೆಯ ಸಂಪಾದಕ ಆರ್ಟ್ ಕಲನ್ ಅವರಿಗೆ 2017ರ ಪುಲಿಟ್ಜರ್ ಬಂತು.

ಪ್ರಶ್ನೆ: ನಾನು ಡಿಗ್ರಿ ಓದುವ ಹುಡುಗಿ. ನಮ್ಮೂರಿನ ಕೌನ್ಸಿಲ್ ಸಭೆಗೆ ಹೋಗಿ ಏನಾಯಿತು ಅಂತ ಬರೆದು ಜನರಿಗೆ ತಲುಪಿಸುವ ಆಸೆ. ಪತ್ರಿಕೋದ್ಯಮ ಓದಿಲ್ಲ. ಬರೀಬಹುದಾ ಮೇಡಂ?

ಉತ್ತರ: ಖಂಡಿತ ಬರೀಬಹುದು. ನಿನ್ನ ಪತ್ರ ಓದಿ ನನಗೆ ತುಂಬಾ ಖುಷಿಯಾಯಿತು. ಮೊದಲು ಸಭೆಗೆ ಸಾರ್ವಜನಿಕರು ಕೂರಬಹುದಾ, ಯಾರ ಅನುಮತಿ ಬೇಕು ಅಂತ ಕಚೇರಿಯಲ್ಲಿ ವಿಚಾರಿಸಿಕೊ. ಅಜೆಂಡಾ ಓದಿಕೊಂಡೇ ಹೋಗು.

ಬರೆಯುವುದರ ಬಗ್ಗೆ ಒಂದೇ ಉದಾಹರಣೆ ಕೊಡ್ತೀನಿ. ಹೊಸಬರು ಸಾಮಾನ್ಯವಾಗಿ ಹೀಗೆ ಬರೀತಾರೆ: 'ಸಭೆಯಲ್ಲಿ ಕುಡಿಯುವ ನೀರಿನ ಸಮಸ್ಯೆ ಕುರಿತು ಬಿಸಿಬಿಸಿ ಚರ್ಚೆ ನಡೆಯಿತು. ಸದಸ್ಯರು ಆಕ್ರೋಶ ವ್ಯಕ್ತಪಡಿಸಿದರು.' ಇದನ್ನು ಓದಿದವರಿಗೆ ಏನೂ ತಿಳಿಯಲ್ಲ. ಹೀಗೆ ಬರಿ: 'ಮೂರನೇ ವಾರ್ಡಿನ ನೀರಿನ ಪೈಪು ಬದಲಿಸಲು ಟೆಂಡರ್ ಕರೆಯಲು ಸಭೆ ಒಪ್ಪಿತು. ಪರವಾಗಿ 11 ಮತ, ವಿರುದ್ಧ 6. ಕೆಲಸ ಯಾವಾಗ ಶುರು ಎಂದು ಕೇಳಿದಾಗ ಎಂಜಿನಿಯರ್ ದಿನಾಂಕ ಹೇಳಲಿಲ್ಲ.' ಮೂರೇ ವಾಕ್ಯ. ಮೂರನೇ ವಾಕ್ಯದಲ್ಲಿ ನಿನ್ನ ಮುಂದಿನ ತಿಂಗಳ ಸುದ್ದಿ ಇದೆ. ಮುಂದಿನ ಸಭೆಯಲ್ಲಿ ಅದೇ ಪ್ರಶ್ನೆಯ ಉತ್ತರ ಹುಡುಕು.

ಯಾರು ಮಂಡಿಸಿದರು, ಯಾರು ಅನುಮೋದಿಸಿದರು, ಮೊತ್ತ ಎಷ್ಟು, ಎಷ್ಟು ಮತ, ಇಷ್ಟನ್ನು ಅಲ್ಲೇ ಬರೆದುಕೊ. ಹೆಸರುಗಳ ಕಾಗುಣಿತ ಹೊರಗೆ ಬಂದು ಕೇಳಿ ಸರಿಮಾಡಿಕೊ. ಯಾರ ಮೇಲಾದರೂ ಆರೋಪ ಬಂದಿದ್ದರೆ ಪ್ರಕಟಿಸುವ ಮುಂಚೆ ಅವರನ್ನೇ ಕೇಳು, ಅವರ ಉತ್ತರವನ್ನೂ ಹಾಕು. ಇದರಲ್ಲಿ ರಾಜಿ ಬೇಡ. ನಿನಗೆ ಅನ್ನಿಸಿದ್ದನ್ನು ಬರೆಯುವುದಾದರೆ ಬೇರೆಯಾಗಿ, ನಿನ್ನ ಹೆಸರಿನಲ್ಲೇ ಬರಿ.

ಸುಮ್ನೆ ಕೂತು ಸಭೆ ಕೇಳೋದು ಸಣ್ಣ ಕೆಲಸ ಅಂತ ಯಾರಾದರೂ ಅಂದರೆ ತಲೆ ಕೆಡಿಸಿಕೊಳ್ಳಬೇಡ. ಬ್ರಿಟನ್‌ನಲ್ಲಿ ಇದೇ ಕೆಲಸಕ್ಕೆಂದು ಬಿಬಿಸಿ ದುಡ್ಡು ಕೊಟ್ಟು 2017ರಲ್ಲಿ ಒಂದು ಯೋಜನೆಯನ್ನೇ ಶುರು ಮಾಡಿತು. ಆ ವರದಿಗಾರರು ಸ್ಥಳೀಯ ಪತ್ರಿಕೆಗಳಲ್ಲಿ ಕೂತು ಕೌನ್ಸಿಲ್ ಸಭೆಗಳನ್ನು ವರದಿ ಮಾಡುತ್ತಾರೆ, ಆ ವರದಿಯನ್ನು ಯೋಜನೆಯಲ್ಲಿರುವ ಬೇರೆ ಪತ್ರಿಕೆಗಳೂ ಬಳಸಿಕೊಳ್ಳಬಹುದು. ನಮ್ಮ ಭಾಷೆಯಲ್ಲೇ ನೋಡು, ಕನ್ನಡದ ಮೊದಲ ಪತ್ರಿಕೆ 1843ರ ಜುಲೈ 1ರಂದು ಹೊರಬಂದಾಗ ಅದರ ಹೆಸರಿನಲ್ಲೇ ಒಂದು ಊರಿತ್ತು: ಮಂಗಳೂರ ಸಮಾಚಾರ. ಹರ್ಮನ್ ಮೋಗ್ಲಿಂಗ್ ಅದನ್ನು ಹದಿನೈದು ದಿನಕ್ಕೊಮ್ಮೆ ತರುತ್ತಿದ್ದರು. ಊರಿನ ಸುದ್ದಿಯೂ ಸರ್ಕಾರದ ಆದೇಶಗಳೂ ಅದರಲ್ಲಿ ಇರುತ್ತಿದ್ದವು.

ಒಬ್ಬಳೇ ಹೋಗಬೇಡ, ಒಬ್ಬ ಗೆಳತಿಯನ್ನು ಜೊತೆಗೆ ಕರೆದುಕೊ. ಇಬ್ಬರೂ ಬೇರೆ ಬೇರೆ ಬರೆದುಕೊಂಡು ಆಮೇಲೆ ಹೋಲಿಸಿ ನೋಡಿ. ಪರೀಕ್ಷೆ ಇರುವ ತಿಂಗಳು ಗೆಳತಿ ಹೋಗಲಿ, ಸಭೆ ಮಾತ್ರ ತಪ್ಪಬಾರದು.

ಪ್ರಶ್ನೆ: ನಾನು ದೂರದಲ್ಲಿದ್ದೇನೆ, ಅಪ್ಪ ಅಮ್ಮ ಊರಲ್ಲಿದ್ದಾರೆ. ಅಲ್ಲಿನ ಸುದ್ದಿ ಇಲ್ಲಿಂದಲೇ ತಿಳಿಯೋದು ಹೇಗೆ?

ಉತ್ತರ: ಸ್ಥಳೀಯ ಪತ್ರಿಕೆಯ ಇ-ಪೇಪರ್ ಇದ್ದರೆ ದುಡ್ಡು ಕೊಟ್ಟು ತರಿಸಿಕೊಳ್ಳಿ. ಕೊಟ್ಟ ಪದ ಸುದ್ದಿಯಲ್ಲಿ ಬಂದಾಗ ಇಮೇಲ್ ಕಳಿಸುವ ಗೂಗಲ್ ಅಲರ್ಟ್‌ನಲ್ಲಿ ಊರಿನ ಹೆಸರು ಕನ್ನಡದಲ್ಲೊಂದು ಸಲ, ಇಂಗ್ಲಿಷಿನಲ್ಲೊಂದು ಸಲ ಕೊಟ್ಟಿಡಿ. ಹೆಸರಿನ ಹಳೆಯ ಕಾಗುಣಿತ ಬೇರೆ ಇದ್ದರೆ ಅದನ್ನೂ ಸೇರಿಸಿ. ಆಕಾಶವಾಣಿಯ ಎಷ್ಟೋ ಕೇಂದ್ರಗಳು ಈಗ ಫೋನಿನಲ್ಲೂ ಸಿಗುತ್ತವೆ. ನಿಮ್ಮ ಊರಿಗೆ ಹತ್ತಿರದ ಕೇಂದ್ರ ಇದೆಯಾ ನೋಡಿ.

ಅಪ್ಪ ಅಮ್ಮನಿಗೆ ಫೋನ್ ಮಾಡಿದಾಗ 'ಏನು ವಿಶೇಷ' ಅಂದರೆ 'ಏನಿಲ್ಲ' ಅಂತಾರೆ. 'ನೀರು ಎಷ್ಟು ದಿನಕ್ಕೊಮ್ಮೆ ಬರ್ತಿದೆ, ಮುಂದಿನ ರಸ್ತೆ ಅಗೆದದ್ದು ಮುಚ್ಚಿದ್ರಾ' ಅಂತ ಕೇಳಿ. ಹೇಳೋಕೆ ಅವರ ಹತ್ತಿರ ಬಹಳ ಇರುತ್ತೆ.